ಕೈ ಬೀಸಿದರೆ ಕನ್ಸೋಲ್ ಬದಲಾಗುತ್ತದೆಯೇ?

2006ರ ನವೆಂಬರ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಟಿವಿಗೆ ಜೋಡಿಸಿ ಆಡುವ ತನ್ನ ವೀ ಕನ್ಸೋಲನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿದಾಗ ಬೆಲೆ 250 ಡಾಲರ್. ಚಿತ್ರದ ವಿಚಾರದಲ್ಲಿ ಅದು ಸೋನಿಯ ಪ್ಲೇಸ್ಟೇಷನ್ 3 ಅಥವಾ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360ರ ಹತ್ತಿರಕ್ಕೂ ಬರುತ್ತಿರಲಿಲ್ಲ. ಎಚ್‌ಡಿ ಚಿತ್ರ ಕೊಡುವ ಶಕ್ತಿಯೇ ಅದಕ್ಕಿರಲಿಲ್ಲ. ಆದರೂ ಹತ್ತು ಕೋಟಿಗೂ ಹೆಚ್ಚು ವೀಗಳು ಮಾರಾಟವಾದವು. ಉಳಿದೆರಡರಲ್ಲಿ ಯಾವುದೂ ಒಂಬತ್ತು ಕೋಟಿ ಮುಟ್ಟಲಿಲ್ಲ. ಟಿವಿ ರಿಮೋಟಿನಂಥ ಬಿಳಿ ಕೋಲೊಂದನ್ನು ಬೀಸಿ ಆಡುವುದು ಜನರಿಗೆ ಅಷ್ಟು ಹಿಡಿಸಿತ್ತು.

ಅದೇ ನಿಂಟೆಂಡೊ 2012ರಲ್ಲಿ ತಂದ ವೀ ಯು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ. ಆಟಗಾರನ ದೇಹದ ಚಲನೆಯನ್ನೇ ಕ್ಯಾಮೆರಾದಿಂದ ಓದುವ ಮೈಕ್ರೋಸಾಫ್ಟಿನ ಕಿನೆಕ್ಟ್ 2010ರಲ್ಲಿ ಬಂದು ಮೊದಲ 60 ದಿನಗಳಲ್ಲೇ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಬರೆಯಿತು. 2017ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ಇದನ್ನೆಲ್ಲ ನೋಡಿದವರು "ಮೋಷನ್ ಕಂಟ್ರೋಲ್ (ಚಲನೆಯಿಂದ ಆಡಿಸುವುದು) ಒಂದು ಅಲೆ, ಬಂತು, ಹೋಯಿತು" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ದೊಡ್ಡದಾಗಿ ಕೈ ಬೀಸುವ ಆಟ ಹೋಯಿತು, ನಿಜ. ಆದರೆ ಮಣಿಕಟ್ಟಿನ ಸಣ್ಣ ತಿರುವನ್ನು ಓದುವ ಸೆನ್ಸರ್ ಉಳಿದುಕೊಂಡಿತು; ಇವತ್ತು ಹೆಚ್ಚಿನ ಕನ್ಸೋಲ್ ಕಂಟ್ರೋಲರ್‌ಗಳ ಹೊಟ್ಟೆಯಲ್ಲಿ ಅದು ಇದೆ. ಯಾವುದು ಹೋಯಿತು, ಯಾವುದು ಉಳಿಯಿತು ಎಂಬುದಕ್ಕೆ ಕಾರಣ ಹುಡುಕಬೇಕಾದರೆ ಜಾಹೀರಾತು ಬಿಟ್ಟು ಸೆನ್ಸರನ್ನೇ ನೋಡಬೇಕು.

ರಿಮೋಟಿನೊಳಗೆ ಏನಿತ್ತು

ವೀ ರಿಮೋಟಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿದ್ದವು. ಒಂದು, ಅನಲಾಗ್ ಡಿವೈಸಸ್ ಕಂಪನಿಯ ಎಡಿಎಕ್ಸ್ಎಲ್330 ಎಂಬ ಮೂರು ಅಕ್ಷಗಳ ಆಕ್ಸೆಲರೋಮೀಟರ್. ಸಿಲಿಕಾನ್‌ನಲ್ಲಿ ಕೊರೆದ, ಕಣ್ಣಿಗೆ ಕಾಣದಷ್ಟು ಸಣ್ಣ ತೂಕವೊಂದು ಅದರೊಳಗೆ ಸ್ಪ್ರಿಂಗ್‌ಗಳ ಮೇಲೆ ನಿಂತಿರುತ್ತದೆ. ರಿಮೋಟ್ ಅಲುಗಿದಾಗ ತೂಕ ಹಿಂದುಳಿಯುತ್ತದೆ, ಪಕ್ಕದ ಫಲಕಗಳ ನಡುವಿನ ಕೆಪ್ಯಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಬದಲಾಗುತ್ತದೆ, ಚಿಪ್ ಅದನ್ನು ಅಳೆಯುತ್ತದೆ. ಮೂರು ಪಟ್ಟು ಗುರುತ್ವದವರೆಗೆ ಓದುವಂತೆ ಅದನ್ನು ರೂಪಿಸಲಾಗಿತ್ತು. ಜೋರಾಗಿ ಬೀಸಿದ ಕೈ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ದಾಟಿದ ಮೇಲೆ ಓದು ತುತ್ತತುದಿಯಲ್ಲೇ ನಿಂತುಬಿಡುತ್ತದೆ. ಜೋರು ಹೊಡೆತಕ್ಕೂ ಅತಿ ಜೋರು ಹೊಡೆತಕ್ಕೂ ಆಗ ವ್ಯತ್ಯಾಸ ಸಿಗುವುದಿಲ್ಲ.

ಎರಡನೆಯದು ರಿಮೋಟಿನ ಮೂತಿಯಲ್ಲಿದ್ದ, ಕಣ್ಣಿಗೆ ಕಾಣದ ಅವಗೆಂಪು (ಇನ್ಫ್ರಾರೆಡ್) ಬೆಳಕನ್ನು ನೋಡುವ ಕ್ಯಾಮೆರಾ. ಟಿವಿ ಮೇಲಿಡುವ ಸೆನ್ಸರ್ ಬಾರ್ ಎಂಬ ಹೆಸರು ಬಹಳ ಜನರನ್ನು ದಾರಿ ತಪ್ಪಿಸಿದೆ. ಅದರಲ್ಲಿ ಸೆನ್ಸರ್ ಏನೂ ಇಲ್ಲ. ಸುಮಾರು 20 ಸೆಂ.ಮೀ. ಅಂತರದಲ್ಲಿ ಎರಡು ಗುಂಪು ಅವಗೆಂಪು ಎಲ್‌ಇಡಿಗಳು, ಅಷ್ಟೇ. ನೋಡುವ ಕಣ್ಣು ರಿಮೋಟಿನಲ್ಲಿದೆ. ಪಿಕ್ಸ್‌ಆರ್ಟ್ ಕಂಪನಿಯ ಆ ಕ್ಯಾಮೆರಾ ಪೂರ್ತಿ ಚಿತ್ರವನ್ನು ಕಳಿಸುವುದೇ ಇಲ್ಲ. ತನಗೆ ಕಂಡ ನಾಲ್ಕು ಅತಿ ಪ್ರಕಾಶಮಾನ ಚುಕ್ಕಿಗಳ ಸ್ಥಾನವನ್ನಷ್ಟೇ ಕಳಿಸುತ್ತದೆ. ಎರಡು ಚುಕ್ಕಿ ಎಲ್ಲಿವೆ ಎಂಬುದರಿಂದ ರಿಮೋಟ್ ಎತ್ತ ನೋಡುತ್ತಿದೆ ಎಂದು ಗೊತ್ತಾಗುತ್ತದೆ, ಅವುಗಳ ನಡುವಿನ ಅಂತರದಿಂದ ಆಟಗಾರ ಎಷ್ಟು ದೂರದಲ್ಲಿದ್ದಾನೆ ಎಂದು ಗೊತ್ತಾಗುತ್ತದೆ. ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ತೆಗೆದ ಆ ವಿನ್ಯಾಸ ನನಗೆ ಇವತ್ತಿಗೂ ಮೆಚ್ಚುಗೆಯದು.

ಇಲ್ಲಿ ಕೊರತೆ ಏನೆಂದರೆ, ಆಕ್ಸೆಲರೋಮೀಟರ್ ಸ್ಥಾನವನ್ನು ಅಳೆಯುವುದಿಲ್ಲ. ಅದು ಅಳೆಯುವುದು ವೇಗೋತ್ಕರ್ಷವನ್ನು, ಅದೂ ಗುರುತ್ವದೊಂದಿಗೆ ಬೆರೆತದ್ದನ್ನು. ಸ್ಥಾನ ಬೇಕಾದರೆ ಆ ಅಳತೆಯನ್ನು ಒಮ್ಮೆ ಕೂಡಿಸಿ ವೇಗ, ಇನ್ನೊಮ್ಮೆ ಕೂಡಿಸಿ ದೂರ ಪಡೆಯಬೇಕು. ಕತ್ತಲಲ್ಲಿ ಹೆಜ್ಜೆ ಎಣಿಸಿಕೊಂಡು ನಡೆಯುವವನ ಹಾಗೆ, ಪ್ರತಿ ಹೆಜ್ಜೆಯ ತಪ್ಪೂ ಮುಂದಿನದಕ್ಕೆ ಸೇರುತ್ತಾ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಸೆನ್ಸರಿನಲ್ಲಿ ಗುರುತ್ವದ ನೂರರಲ್ಲಿ ಒಂದು ಪಾಲು ತಪ್ಪಿದ್ದರೆ ಅದು ಸೆಕೆಂಡಿಗೆ ಸೆಕೆಂಡಿಗೆ 0.098 ಮೀಟರ್. ಒಂದು ಸೆಕೆಂಡಿನಲ್ಲಿ ಸ್ಥಾನದ ತಪ್ಪು 5 ಸೆಂ.ಮೀ., ಐದು ಸೆಕೆಂಡಿನಲ್ಲಿ 1.2 ಮೀಟರ್, ಹತ್ತು ಸೆಕೆಂಡಿನಲ್ಲಿ ಸುಮಾರು 5 ಮೀಟರ್. ಆಟಗಾರ ಸೋಫಾದ ಮೇಲೆ ಕೂತಿದ್ದಾನೆ, ಲೆಕ್ಕದ ಪ್ರಕಾರ ಅವನ ಕೈ ಪಕ್ಕದ ಕೋಣೆಯಲ್ಲಿದೆ!

ಇನ್ನೂ ಒಂದು ಕೊರತೆ. ರಿಮೋಟನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ಎಡಕ್ಕೋ ಬಲಕ್ಕೋ ನಿಧಾನವಾಗಿ ತಿರುಗಿಸಿದರೆ ಗುರುತ್ವದ ದಿಕ್ಕು ಬದಲಾಗುವುದೇ ಇಲ್ಲ. ಹಾಗಾಗಿ ಆ ತಿರುವು ಆಕ್ಸೆಲರೋಮೀಟರಿಗೆ ಕಾಣುವುದಿಲ್ಲ. ಮೂತಿ ಟಿವಿಯ ಕಡೆಗಿದ್ದರೆ ಕ್ಯಾಮೆರಾ ಕೈಹಿಡಿಯುತ್ತದೆ, ಬೇರೆ ಕಡೆಗಿದ್ದರೆ ಏನೂ ಇಲ್ಲ. 2009ರಲ್ಲಿ ಮೋಷನ್‌ಪ್ಲಸ್ ಎಂಬ ತುಂಡನ್ನು ರಿಮೋಟಿನ ಹಿಂಬದಿಗೆ ಸಿಕ್ಕಿಸಿ, ತಿರುಗುವ ವೇಗವನ್ನು ಅಳೆಯುವ ಜೈರೋಸ್ಕೋಪ್ (ಚಿಕ್ಕದಾಗಿ ಜೈರೋ) ಸೇರಿಸಿದ್ದು ಈ ಕಾರಣಕ್ಕೇ.

ಟೆನಿಸ್ ಗೆದ್ದದ್ದು ಹೇಗೆ

ಇಷ್ಟೆಲ್ಲ ಕೊರತೆಯಿದ್ದ ಯಂತ್ರದ ಮೇಲೆ ವೀ ಸ್ಪೋರ್ಟ್ಸ್‌ನ ಟೆನಿಸ್ ಅಷ್ಟು ಚೆನ್ನಾಗಿ ಆಡಲು ಬಂದದ್ದು ಹೇಗೆ? ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಆ ಆಟದಲ್ಲಿ ಅಂಗಳದ ಮೇಲೆ ಓಡುವುದು ಆಟಗಾರನ ಕೆಲಸವಲ್ಲ, ಪಾತ್ರ ತಾನೇ ಓಡುತ್ತದೆ. ಕೈ ಎಲ್ಲಿದೆ ಎಂದು ಯಂತ್ರ ಕೇಳುವುದೇ ಇಲ್ಲ. ಅದು ಮುಖ್ಯವಾಗಿ ಕೇಳುವುದು, ಯಾವ ಕ್ಷಣದಲ್ಲಿ ಬೀಸಿದೆ ಎಂದು. ಸ್ವಲ್ಪ ಮುಂಚೆ ಬೀಸಿದರೆ ಚೆಂಡು ಒಂದು ಪಕ್ಕಕ್ಕೆ, ತಡವಾದರೆ ಇನ್ನೊಂದು ಪಕ್ಕಕ್ಕೆ. ಜೊತೆಗೆ ಬೀಸಿನ ರಭಸ, ರಿಮೋಟಿನ ವಾಲು. ಬೀಸಿನ ಕ್ಷಣವನ್ನು ಹಿಡಿಯಲು ಆಕ್ಸೆಲರೋಮೀಟರಿಗಿಂತ ಒಳ್ಳೆಯ ಸಾಧನ ಇಲ್ಲ, ಏಕೆಂದರೆ ಬೀಸು ಎಂದರೆ ಸಂಕೇತದಲ್ಲಿ ಎದ್ದು ಕಾಣುವ ಒಂದು ಶಿಖರ. ಎರಡು ಸಲ ಕೂಡಿಸುವ ಗೋಜೂ ಇಲ್ಲ. ವಿನ್ಯಾಸಕರು ಸೆನ್ಸರಿಗೆ ಬರುವ ಕೆಲಸವನ್ನಷ್ಟೇ ಕೊಟ್ಟರು, ಬಾರದ ಕೆಲಸವನ್ನು ಆಟದಿಂದಲೇ ತೆಗೆದುಹಾಕಿದರು.

ಇದರ ಇನ್ನೊಂದು ಮುಖವೂ ಇದೆ. ಇಡೀ ತೋಳು ಬೀಸಿದರೂ ಅಷ್ಟೇ, ಸೋಫಾದಲ್ಲಿ ಒರಗಿ ಮಣಿಕಟ್ಟನ್ನು ಝಾಡಿಸಿದರೂ ಅಷ್ಟೇ. ಮೊದಮೊದಲು ಎದ್ದು ನಿಂತು ಆಡುತ್ತಿದ್ದವರು ಇದನ್ನು ಕಂಡುಕೊಂಡ ಮೇಲೆ ಕೂತುಬಿಟ್ಟರು. ದೇಹ ಯಾವಾಗಲೂ ಕಡಿಮೆ ಶ್ರಮದ ದಾರಿಯನ್ನೇ ಹುಡುಕುತ್ತದೆ. ಮುಂದೆ ಬಂದ ಜೈರೋ ಗುರಿಗೆ, ಅಂದರೆ ಕಂಟ್ರೋಲರನ್ನು ತುಸು ತಿರುಗಿಸಿ ಗುರಿಯಿಡುವುದಕ್ಕೆ, ಬೀಜ ಇಲ್ಲೇ ಇತ್ತು ಎಂಬುದು ನನ್ನ ಓದು: ಆಟಗಾರರೇ ದೊಡ್ಡ ಚಲನೆಯನ್ನು ಬಿಟ್ಟು ಸಣ್ಣ ಚಲನೆಯನ್ನು ಆರಿಸಿಕೊಂಡಿದ್ದರು.

ವೀ ಸ್ಪೋರ್ಟ್ಸ್ ಎಂಟು ಕೋಟಿಗೂ ಹೆಚ್ಚು ಪ್ರತಿ ಹೋಯಿತು. ಜಪಾನ್ ಬಿಟ್ಟು ಬಹುತೇಕ ಕಡೆ ಅದು ಕನ್ಸೋಲಿನ ಪೆಟ್ಟಿಗೆಯಲ್ಲೇ ಇತ್ತು. ಅದರ ಬೆನ್ನಿಗೆ ಬಂದ ನೂರಾರು ಆಟಗಳು ಮಾತ್ರ ಗುಂಡಿ ಒತ್ತುವ ಕೆಲಸಕ್ಕೆ "ರಿಮೋಟ್ ಅಲುಗಿಸು" ಎಂದು ಹೆಸರಿಟ್ಟವು. ಗುಂಡಿ ಒತ್ತುವುದು ಸೆಕೆಂಡಿನ ಒಂದು ಸಣ್ಣ ಪಾಲು ಕಾಲದ ಕೆಲಸ. ಬೀಸು ಶುರುವಾಗಿ, ಶಿಖರ ಮುಟ್ಟಿ, ಯಂತ್ರ "ಇದು ಬೀಸೇ" ಎಂದು ಖಚಿತ ಮಾಡಿಕೊಳ್ಳುವಷ್ಟರಲ್ಲಿ ಅದಕ್ಕಿಂತ ಎಷ್ಟೋ ತಡವಾಗುತ್ತದೆ. ಖಚಿತತೆಯ ಮಟ್ಟ ಇಳಿಸಿದರೆ ಬೀಸದೇ ಇದ್ದಾಗಲೂ ಹೊಡೆತ ಬೀಳುತ್ತದೆ. ಈ ಇಕ್ಕಟ್ಟನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಬಿಡಿಸಿಲ್ಲ.

ಕತ್ತಿಯಾಟದ ಕಥೆ ಇನ್ನೂ ಕಷ್ಟದ್ದು. ಪರದೆಯ ಮೇಲೆ ಕತ್ತಿ ಎದುರಾಳಿಯ ಗುರಾಣಿಗೆ ತಾಗಿ ನಿಲ್ಲುತ್ತದೆ, ಆಟಗಾರನ ಕೈ ಗಾಳಿಯಲ್ಲಿ ಮುಂದೆ ಹೋಗುತ್ತದೆ. ಈಗ ಕತ್ತಿಯ ಸ್ಥಾನಕ್ಕೂ ಕೈಯ ಸ್ಥಾನಕ್ಕೂ ತಾಳೆಯಿಲ್ಲ. ಕೈಯನ್ನು ತಡೆಯುವ ಶಕ್ತಿ ಕಂಟ್ರೋಲರಿಗಿಲ್ಲ. ಕಂಪನದ ಮೋಟರ್ ಒಂದು ಸೂಚನೆ ಕೊಡಬಲ್ಲದೇ ಹೊರತು ಎದುರು ಬಲ ಕೊಡಲಾರದು. ಸೆನ್ಸರ್ ಎಷ್ಟೇ ನಿಖರವಾದರೂ ಈ ತೊಂದರೆ ಹೋಗುವುದಿಲ್ಲ.

ಚೆಂಡು, ಚುಕ್ಕಿ, ಖಾಲಿ ಕೈ

2010ರ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂದ ಸೋನಿಯ ಮೂವ್ ಕಂಟ್ರೋಲರ್ ವೀ ರಿಮೋಟ್, ಮೂವ್, ಕಿನೆಕ್ಟ್ ಮೂರರಲ್ಲಿ ತಾಂತ್ರಿಕವಾಗಿ ಅತಿ ನಿಖರವಾದದ್ದು. ಆಕ್ಸೆಲರೋಮೀಟರ್, ಜೈರೋ, ದಿಕ್ಸೂಚಿಯಂತೆ ಕೆಲಸ ಮಾಡುವ ಮ್ಯಾಗ್ನೆಟೋಮೀಟರ್ ಮೂರೂ ಇದ್ದವು. ತುದಿಯಲ್ಲಿ ಬೆಳಗುವ ಮೆತ್ತನೆಯ ಚೆಂಡು. ಚೆಂಡಿನ ನಿಜವಾದ ಗಾತ್ರ ಗೊತ್ತಿರುವುದರಿಂದ ಕ್ಯಾಮೆರಾಗೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದಲೇ ದೂರ ಸಿಗುತ್ತದೆ. ಯಾವ ಕಡೆ ತಿರುಗಿಸಿದರೂ ಗೋಳ ಗೋಳವಾಗಿಯೇ ಕಾಣುವುದು ಇದರ ಜಾಣತನ. ಕೋಣೆಯಲ್ಲಿ ಇಲ್ಲದ ಬಣ್ಣವೊಂದನ್ನು ಚೆಂಡಿಗೆ ಆರಿಸಿಕೊಳ್ಳುವುದು ಇನ್ನೊಂದು. ಎರಡು ಮೀಟರ್ ದೂರದಲ್ಲಿ ಆ ಚೆಂಡು 640 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಹತ್ತು ಪಿಕ್ಸೆಲ್ಲಿನ ಆಸುಪಾಸು. ಹಾಗಾಗಿ ಅಕ್ಕಪಕ್ಕದ ಅಳತೆಗಿಂತ ಹಿಂದುಮುಂದಿನ ಅಳತೆ ಯಾವಾಗಲೂ ಒರಟು.

ಇಷ್ಟಿದ್ದೂ ಮೂವ್ ಕನ್ಸೋಲನ್ನು ಬದಲಿಸಲಿಲ್ಲ, ಏಕೆಂದರೆ ಅದು ಪೆಟ್ಟಿಗೆಯಲ್ಲಿ ಇರಲಿಲ್ಲ. ಪ್ಲೇಸ್ಟೇಷನ್ 3 ಆಗಲೇ ನಾಲ್ಕು ವರ್ಷ ಹಳೆಯದು. ಹತ್ತರಲ್ಲಿ ಒಬ್ಬಿಬ್ಬರ ಮನೆಯಲ್ಲಿ ಮಾತ್ರ ಇರಬಹುದಾದ ಸಾಧನವನ್ನು ನಂಬಿ ಯಾವ ಸ್ಟುಡಿಯೋ ಮೂರು ವರ್ಷ ಕೂತು ಆಟ ಕಟ್ಟುತ್ತದೆ? ಅದಕ್ಕೆ ಒಳ್ಳೆಯ ಬದುಕು ಸಿಕ್ಕಿದ್ದು 2016ರಲ್ಲಿ ಪ್ಲೇಸ್ಟೇಷನ್ ವಿಆರ್ ಬಂದಾಗ. ಕಣ್ಣಿಗೆ ಹೆಡ್‌ಸೆಟ್ ಹಾಕಿದವರಿಗೆ ತಮ್ಮ ಕೈ ಎಲ್ಲಿದೆ ಎಂದು ಕಾಣಲೇಬೇಕು; ಅಲ್ಲಿ ಚಲನೆ ಓದುವುದು ಅಲಂಕಾರವಲ್ಲ, ಅನಿವಾರ್ಯ.

ಕಿನೆಕ್ಟ್ ಕಂಟ್ರೋಲರನ್ನೇ ತೆಗೆದುಹಾಕಿತು. ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯ ತಂತ್ರಜ್ಞಾನದಲ್ಲಿ ಅವಗೆಂಪು ಲೇಸರ್ ಕೋಣೆಯ ತುಂಬ ಸಾವಿರಾರು ಚುಕ್ಕಿ ಚೆಲ್ಲುತ್ತದೆ. ಚುಕ್ಕಿಗಳು ಎಷ್ಟು ಪಕ್ಕಕ್ಕೆ ಸರಿದು ಕಾಣುತ್ತವೆ ಎಂಬುದರಿಂದ ಆಳದ ಚಿತ್ರ ತಯಾರಾಗುತ್ತದೆ. ಅದರಿಂದ ದೇಹದ 20 ಕೀಲುಗಳನ್ನು ಸಾಫ್ಟ್‌ವೇರ್ ಗುರುತಿಸುತ್ತದೆ. ಕುಣಿತದ ಆಟಗಳಲ್ಲಿ ಅದು ನಿಜಕ್ಕೂ ಸೊಗಸಾಗಿತ್ತು. ಅಲ್ಲಿ ಆಟಗಾರ ಹಾಡಿನ ತಾಳಕ್ಕೆ ಕುಣಿಯುತ್ತಾನೆ, ಮುಂದಿನ ಹೆಜ್ಜೆ ಯಾವುದೆಂದು ಇಬ್ಬರಿಗೂ ಮೊದಲೇ ಗೊತ್ತು, ಹಾಗಾಗಿ ಯಂತ್ರದ ವಿಳಂಬ ಕಾಣುವುದಿಲ್ಲ. ಓಡುವ, ಗುರಿಯಿಡುವ, ನಡೆಯುವ ಆಟಗಳಲ್ಲಿ ಖಾಲಿ ಕೈಗೆ ಮಾಡಲು ಏನೂ ಉಳಿಯಲಿಲ್ಲ. ಒಂದೇ ಒಂದು ಗುಂಡಿ ಇದ್ದಿದ್ದರೆ ಎಷ್ಟೋ ಆಗುತ್ತಿತ್ತು.

ಜಾಗದ ಕಾಟ ಬೇರೆ. ಒಬ್ಬರಿಗೆ ಸೆನ್ಸರಿನಿಂದ ಆರು ಅಡಿ, ಇಬ್ಬರಿಗೆ ಎಂಟು ಅಡಿ ಖಾಲಿ ಬೇಕು. ಬೆಂಗಳೂರಿನ ಒಂದು ಬೆಡ್‌ರೂಮ್ ಮನೆಯ ಹಾಲ್‌ನಲ್ಲಿ ಸೋಫಾ, ಟೀಪಾಯಿ ಸರಿಸದೆ ಅಷ್ಟು ಜಾಗ ಹೊರಡುವುದು ಕಷ್ಟ. ಕಿಟಕಿಯ ಬಿಸಿಲು ನೇರವಾಗಿ ಬಿದ್ದರೆ ಲೇಸರ್ ಚುಕ್ಕಿಗಳು ಅದರಲ್ಲಿ ಮುಳುಗಿಹೋಗುತ್ತವೆ. ಸಡಿಲ ಪೈಜಾಮ, ಇಳಿಬಿಟ್ಟ ದುಪಟ್ಟಾ ಇದ್ದರೆ ಮೊಣಕಾಲು ಎಲ್ಲಿದೆ ಎಂದು ಸಾಫ್ಟ್‌ವೇರ್ ತಡಕಾಡುತ್ತದೆ. 2013ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಜೊತೆ ಕಿನೆಕ್ಟನ್ನು ಕಡ್ಡಾಯ ಮಾಡಿತು; ಬೆಲೆ 499 ಡಾಲರಿಗೆ ಏರಿತು. ಪ್ಲೇಸ್ಟೇಷನ್ 4ಕ್ಕೆ 399. ಮುಂದಿನ ಜೂನ್ ಹೊತ್ತಿಗೆ ಕಿನೆಕ್ಟ್ ಇಲ್ಲದ ಪೆಟ್ಟಿಗೆ 399ಕ್ಕೆ ಬಂತು. ಪೆಟ್ಟಿಗೆಯಲ್ಲಿ ಇರುವುದು ಮುಖ್ಯ ಎಂಬ ಪಾಠವನ್ನು ಅವರು ಸರಿಯಾಗಿಯೇ ಕಲಿತಿದ್ದರು, ಆದರೆ ನೂರು ಡಾಲರಿನ ಸೆನ್ಸರನ್ನು ಪೆಟ್ಟಿಗೆಗೆ ತುರುಕಲಾಗುವುದಿಲ್ಲ. ಕೆಲವೇ ಡಾಲರಿನ ಜೈರೋ ಚಿಪ್ಪನ್ನು ಯಾರಿಗೂ ಗೊತ್ತಾಗದಂತೆ ಸೇರಿಸಬಹುದು. ಉಳಿದದ್ದು ಅದೇ. ಪ್ರೈಮ್‌ಸೆನ್ಸನ್ನು 2013ರಲ್ಲಿ ಆಪಲ್ ಕೊಂಡಿತು. 2017ರ ಐಫೋನ್ ಎಕ್ಸ್ ಮುಖ ಗುರುತಿಸಿದ್ದೂ ಅವಗೆಂಪು ಚುಕ್ಕಿಗಳನ್ನು ಮುಖದ ಮೇಲೆ ಚೆಲ್ಲಿಯೇ.

ಮಣಿಕಟ್ಟಿನ ಗುರಿ

ಶೂಟಿಂಗ್ ಆಟಗಳಲ್ಲಿ ಹೆಬ್ಬೆರಳಿನ ಸ್ಟಿಕ್‌ನಿಂದ ಗುರಿಯಿಡುವುದು ಹಿಂದಿನಿಂದಲೂ ಕನ್ಸೋಲಿನ ದುರ್ಬಲ ಜಾಗ. ಸ್ಟಿಕ್ ಒಂದು ಸೆಂಟಿಮೀಟರಿನಷ್ಟು ಸರಿಯುವಷ್ಟರಲ್ಲಿ ನಿಧಾನದಿಂದ ಅತಿ ವೇಗದವರೆಗಿನ ಎಲ್ಲವನ್ನೂ ಹೇಳಬೇಕು, ಅದೂ ಸ್ಥಾನವನ್ನಲ್ಲ, ತಿರುಗುವ ವೇಗವನ್ನು. ಆದ್ದರಿಂದಲೇ ಆಟವೇ ಒಳಗಿಂದ ಗುರಿಯನ್ನು ಎಳೆದು ಸಹಾಯ ಮಾಡುತ್ತದೆ. ಜೈರೋ ಬಂದರೆ ಲೆಕ್ಕ ಬದಲಾಗುತ್ತದೆ. ಕಂಟ್ರೋಲರ್ ಎಷ್ಟು ಡಿಗ್ರಿ ತಿರುಗಿತೋ ಗುರಿ ಅದಕ್ಕೆ ತಕ್ಕಷ್ಟು ತಿರುಗುತ್ತದೆ, ಮೌಸ್‌ನಲ್ಲಿ ಆಗುವ ಹಾಗೆಯೇ. ಜೈರೋ ಅಳೆಯುವುದು ತಿರುಗುವ ವೇಗವನ್ನು. ಕೋನಕ್ಕೆ ಒಂದೇ ಸಲ ಕೂಡಿಸಿದರೆ ಸಾಕು, ಹಾಗಾಗಿ ತಪ್ಪು ಆಕ್ಸೆಲರೋಮೀಟರಿನಷ್ಟು ಬೇಗ ಬೆಳೆಯುವುದಿಲ್ಲ. ಸೆಕೆಂಡಿಗೆ ಅರ್ಧ ಡಿಗ್ರಿ ತಪ್ಪಿದ್ದರೆ ನಿಮಿಷಕ್ಕೆ 30 ಡಿಗ್ರಿ. ಇದೂ ಕಡಿಮೆಯಲ್ಲ, ಆದರೆ ಕಂಟ್ರೋಲರ್ ಅಲುಗದೆ ಇರುವ ಹೊತ್ತಿನಲ್ಲಿ ಈ ತಪ್ಪನ್ನು ಅಳೆದು ಕಳೆಯಬಹುದು. ಮೇಲೆ ಕೆಳಗಿನ ವಾಲನ್ನು ಗುರುತ್ವದ ನೆರವಿನಿಂದ ತಿದ್ದಬಹುದು. ಎಡಬಲದ ತಿರುವಿಗೆ ಆ ನೆರವಿಲ್ಲ, ಹಾಗಾಗಿ ಗುರಿಯನ್ನು ಮತ್ತೆ ನಡುವಿಗೆ ತರುವ ಗುಂಡಿ ಇಂಥ ಆಟಗಳಲ್ಲಿ ಇರಲೇಬೇಕು.

ನಿಂಟೆಂಡೊದ 2015ರ ಶೂಟಿಂಗ್ ಆಟ ಸ್ಪ್ಲಾಟೂನ್ ಇದನ್ನು ಲಕ್ಷಾಂತರ ಆಟಗಾರರಿಗೆ ರೂಢಿ ಮಾಡಿಸಿತು. ನಿಂಟೆಂಡೊದ 2017ರ ಕನ್ಸೋಲ್ ಸ್ವಿಚ್‌ನ ಎರಡೂ ಜಾಯ್‌ಕಾನ್‌ಗಳಲ್ಲಿ (ಬಿಚ್ಚಿ ತೆಗೆಯಬಹುದಾದ ಪುಟ್ಟ ಕಂಟ್ರೋಲರ್‌ಗಳಲ್ಲಿ) ಜೈರೋ ಇದೆ. ಪ್ಲೇಸ್ಟೇಷನ್ 4, 5ರ ಕಂಟ್ರೋಲರ್‌ಗಳಲ್ಲಿ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನಲ್ಲಿ ಇದೆ.

ಹೊಸದಾಗಿ ಹಿಡಿಯುವವರು ಹೀಗೆ ಶುರು ಮಾಡಬಹುದು. ದೊಡ್ಡ ತಿರುವಿಗೆ ಸ್ಟಿಕ್, ಕೊನೆಯ ಐದು ಹತ್ತು ಡಿಗ್ರಿಗೆ ಮಾತ್ರ ಜೈರೋ. ಕಂಟ್ರೋಲರ್ 10 ಡಿಗ್ರಿ ತಿರುಗಿದರೆ ಪರದೆಯ ನೋಟ 20ರಿಂದ 30 ಡಿಗ್ರಿ ತಿರುಗುವಷ್ಟು ಸೂಕ್ಷ್ಮತೆ ಇಟ್ಟುಕೊಳ್ಳಿ. ಆಟವು ಬರೀ ಒಂದರಿಂದ ಹತ್ತರ ಅಂಕೆ ಕೊಟ್ಟಿದ್ದರೆ ಕಂಟ್ರೋಲರನ್ನು ಅಂದಾಜು 45 ಡಿಗ್ರಿ ತಿರುಗಿಸಿ ಪರದೆಯ ನೋಟ ಎಷ್ಟು ಸುತ್ತಿತು ಎಂದು ನೋಡಿ ಹೊಂದಿಸಿ. ಗುಂಡಿಯೊಂದನ್ನು ಹಿಡಿದಾಗ ಜೈರೋ ನಿಲ್ಲುವಂತೆ ಮಾಡಿಕೊಂಡರೆ, ಕೈ ತಿರುಗಿದಷ್ಟು ತಿರುಗಿಸಿ, ಗುಂಡಿ ಹಿಡಿದು ಕೈಯನ್ನು ನಡುವಿಗೆ ತಂದು, ಬಿಟ್ಟು ಮತ್ತೆ ತಿರುಗಿಸಬಹುದು. ಮೌಸ್ ಎತ್ತಿಡುವುದಕ್ಕೆ ಸಮ. ಜೈರೋದ ಡೆಡ್‌ಝೋನ್ (ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ ಸಣ್ಣ ಚಲನೆಯ ಮಿತಿ) ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಸಣ್ಣ ತಿದ್ದುಪಡಿಗಳೇ ನುಂಗಿಹೋಗುತ್ತವೆ. ಮೊಣಕೈಯನ್ನು ತೊಡೆಯ ಮೇಲೋ ಸೋಫಾದ ಕೈ ಮೇಲೋ ಊರಿ. ಟಿವಿಯ ಗೇಮ್ ಮೋಡ್ ಹಾಕಿ. ಅದಿಲ್ಲದೆ ಚಿತ್ರವನ್ನು ಚಂದಗೊಳಿಸುವ ಸಂಸ್ಕರಣೆಯಿಂದ ಆಗುವ ತಡ ಸ್ಟಿಕ್‌ನಲ್ಲಿ ಗೊತ್ತಾಗದಿದ್ದರೂ ಜೈರೋದಲ್ಲಿ ಕೈಗೂ ಕಣ್ಣಿಗೂ ಹೊಂದದಂತೆ ಕಾಣುತ್ತದೆ.

ಗುರಿ ತಾನಾಗಿ ಒಂದೇ ಕಡೆ ಜಾರುತ್ತಿದ್ದರೆ ಮೊದಲು ಯಾವುದು ಜಾರುತ್ತಿದೆ ಎಂದು ಪತ್ತೆ ಮಾಡಿ. ಜೈರೋ ಆಫ್ ಮಾಡಿದರೂ ಜಾರಿದರೆ ತಪ್ಪು ಸ್ಟಿಕ್‌ನದು. ಅದರೊಳಗಿನ ಸವೆಯುವ ಭಾಗದ ಸಮಸ್ಯೆ ಅದು, ಜೈರೋ ಕ್ಯಾಲಿಬ್ರೇಷನ್‌ನಿಂದ, ಅಂದರೆ ಸೆನ್ಸರಿನ ಸೊನ್ನೆಯನ್ನು ಮತ್ತೆ ಹೊಂದಿಸುವುದರಿಂದ, ಸರಿಹೋಗದು. ಜೈರೋ ಆನ್ ಇದ್ದಾಗ ಮಾತ್ರ ಜಾರಿದರೆ ಸ್ವಿಚ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ಗೆ ಹೋಗಿ, ಕಂಟ್ರೋಲರ್ಸ್ ಅಂಡ್ ಸೆನ್ಸರ್ಸ್ ಅಡಿಯಲ್ಲಿ ಕ್ಯಾಲಿಬ್ರೇಟ್ ಮೋಷನ್ ಕಂಟ್ರೋಲ್ಸ್ ಆರಿಸಿ. ಜಾಯ್‌ಕಾನನ್ನು ಕನ್ಸೋಲಿನಿಂದ ಬಿಚ್ಚಿ ಸಮತಟ್ಟಾದ ಮೇಜಿನ ಮೇಲಿಟ್ಟು ಮೈನಸ್ ಅಥವಾ ಪ್ಲಸ್ ಗುಂಡಿ ಒತ್ತಿ ಹಿಡಿಯಬೇಕು. ಸ್ಪೀಕರ್ ಇಟ್ಟ ಮೇಜು ಬೇಡ, ಕಂಪನವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತಣ್ಣಗಿರುವಾಗ ಮಾಡಿದ ಕ್ಯಾಲಿಬ್ರೇಷನ್ ಕಂಟ್ರೋಲರ್ ಬೆಚ್ಚಗಾದ ಮೇಲೆ ಸ್ವಲ್ಪ ತಪ್ಪುತ್ತದೆ, ಹಾಗಾಗಿ ಹತ್ತು ನಿಮಿಷ ಆಡಿದ ನಂತರ ಮಾಡುವುದು ವಾಸಿ.

ಹಳೆಯ ವೀ ಮನೆಯಲ್ಲಿದ್ದರೆ

ಅಮೆರಿಕದಿಂದ ನೆಂಟರು ತಂದುಕೊಟ್ಟ ವೀಗಳು ನಮ್ಮಲ್ಲಿ ಎಷ್ಟೋ ಮನೆಗಳ ಅಟ್ಟದ ಮೇಲಿವೆ. ತೆಗೆದು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಅಲ್ಲಿನ ಅಡಾಪ್ಟರ್ 120 ವೋಲ್ಟಿನದು, ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ. ಕನ್ಸೋಲಿಗೆ ಬೇಕಾದದ್ದು 12 ವೋಲ್ಟ್ ಡಿಸಿ, 3.7 ಆಂಪಿಯರ್, 100ರಿಂದ 240 ವೋಲ್ಟಿನ ವೀ ಅಡಾಪ್ಟರ್ ತಂದರೆ ಮುಗಿಯಿತು. ರಿಮೋಟಿನಲ್ಲಿ ಹಳೆಯ ಎಎ ಸೆಲ್‌ಗಳು ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಯಲ್ಲಿ ವಿನೆಗರ್ ಅದ್ದಿ ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ.

ಸೆನ್ಸರ್ ಬಾರ್ ಕಳೆದುಹೋಗಿದ್ದರೆ ಮಾಡಿಕೊಳ್ಳಬಹುದು. 940 ನ್ಯಾನೋಮೀಟರ್ ಎಲ್‌ಇಡಿ ಆರು, 22 ಓಮ್ ರೆಸಿಸ್ಟರ್ ಎರಡು, ಹಳೆಯ ಯುಎಸ್‌ಬಿ ಕೇಬಲ್ ಒಂದು. ಮೂರು ಎಲ್‌ಇಡಿ ಸಾಲಾಗಿ ಜೋಡಿಸಿದರೆ ಸುಮಾರು 3.9 ವೋಲ್ಟ್ ಹೋಗುತ್ತದೆ, 5 ವೋಲ್ಟಿನಲ್ಲಿ ಉಳಿದ 1.1 ವೋಲ್ಟ್ 22 ಓಮ್ ಮೇಲೆ ಬಿದ್ದಾಗ 50 ಮಿಲಿ ಆಂಪಿಯರ್ ಹರಿಯುತ್ತದೆ. ಇಂಥ ಎರಡು ಸಾಲು, ನಡುವೆ 20 ಸೆಂ.ಮೀ. ಉರಿಯುತ್ತಿದೆಯೇ ಎಂದು ಫೋನಿನ ಮುಂಭಾಗದ ಕ್ಯಾಮೆರಾದಲ್ಲಿ ನೋಡಿದರೆ ನೇರಳೆ ಚುಕ್ಕಿಗಳು ಕಾಣುತ್ತವೆ.

ನಂತರ ವೀ ಸೆಟ್ಟಿಂಗ್ಸ್‌ನಲ್ಲಿ ಸೆನ್ಸರ್ ಬಾರ್ ಸೂಕ್ಷ್ಮತೆಯ ಪುಟ ತೆರೆಯಿರಿ. ರಿಮೋಟಿಗೆ ಕಾಣುವ ಚುಕ್ಕಿಗಳನ್ನು ಅದು ಹಾಗೆಯೇ ತೋರಿಸುತ್ತದೆ. ಎರಡೇ ಇರಬೇಕು. ಮೂರನೆಯದು ಮಿನುಗುತ್ತಿದ್ದರೆ ಟಿವಿ ಹತ್ತಿರ ಎಲ್ಲೋ ಶಾಖದ ಬೆಳಕಿದೆ: ಹಳೆಯ ಬುರುಡೆ ಬಲ್ಬು, ಕಿಟಕಿಯ ಬಿಸಿಲು, ಶೋಕೇಸಿನಲ್ಲಿ ಹಚ್ಚಿಟ್ಟ ದೇವರ ದೀಪ. ಜ್ವಾಲೆ ಧಾರಾಳವಾಗಿ ಅವಗೆಂಪು ಸೂಸುತ್ತದೆ. ಎರಡು ಮೋಂಬತ್ತಿ ಅಂತರ ಬಿಟ್ಟು ಹಚ್ಚಿಟ್ಟರೆ ಸೆನ್ಸರ್ ಬಾರೇ ಬೇಡ. ಒಂದು ಮೀಟರಿಗಿಂತ ಹತ್ತಿರ ಕೂತರೆ ಎರಡು ಚುಕ್ಕಿಗಳಲ್ಲಿ ಒಂದು ಆಗಾಗ ನೋಟದಿಂದ ಹೊರಹೋಗಿ ಕರ್ಸರ್ ಜಿಗಿಯುತ್ತದೆ. ಮಣಿಕಟ್ಟಿನ ಪಟ್ಟಿ ಹಾಕಿಕೊಂಡೇ ಆಡಿ: 2006ರ ಡಿಸೆಂಬರಿನಲ್ಲೇ ನಿಂಟೆಂಡೊ 32 ಲಕ್ಷ ಪಟ್ಟಿಗಳನ್ನು ಗಟ್ಟಿಯಾದವುಗಳಿಗೆ ಬದಲಾಯಿಸಿಕೊಡಬೇಕಾಗಿ ಬಂದಿತ್ತು.

ಈಗ ಉಳಿದಿರುವ ಅಡ್ಡಿ

ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳ ಜೊತೆ ಬರುವ ಕಂಟ್ರೋಲರಿನಲ್ಲಿ ಜೈರೋ ಇಲ್ಲ. ಇದು ಸಣ್ಣ ವಿಷಯವಲ್ಲ. ಎಲ್ಲ ಕನ್ಸೋಲಿಗೂ ಒಂದೇ ಆಟ ಕಟ್ಟುವ ಸ್ಟುಡಿಯೋ ಎಲ್ಲರಲ್ಲೂ ಇರುವ ಸಾಧನಕ್ಕೇ ವಿನ್ಯಾಸ ಮಾಡುತ್ತದೆ. ಒಂದು ಕಡೆ ಇಲ್ಲದಿದ್ದರೆ ಜೈರೋ ಸೆಟ್ಟಿಂಗ್ಸಿನ ಮೂಲೆಗೆ ಬೀಳುತ್ತದೆ, ಹೆಚ್ಚಿನ ಸಲ ಬರುವುದೇ ಇಲ್ಲ. ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಚಿಪ್ ಇದ್ದೂ ಎಷ್ಟೋ ಶೂಟಿಂಗ್ ಆಟಗಳು ಅದನ್ನು ಮುಟ್ಟದಿರುವುದಕ್ಕೆ ಇದೂ ಒಂದು ಕಾರಣ. ಫೋರ್ಟ್‌ನೈಟ್ ಎಂಬ ಜನಪ್ರಿಯ ಶೂಟಿಂಗ್ ಆಟ 2022ರಲ್ಲಿ ಸುಧಾರಿತ ಜೈರೋ ಆಯ್ಕೆಗಳನ್ನು ತಂದದ್ದು ಒಳ್ಳೆಯ ಬೆಳವಣಿಗೆ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರ ಜಾಯ್‌ಕಾನ್‌ಗಳು ಜೈರೋ ಉಳಿಸಿಕೊಂಡೇ, ಮಗ್ಗುಲಾಗಿ ಮೇಜಿನ ಮೇಲಿಟ್ಟು ಸರಿಸಿದರೆ ಮೌಸ್ ಆಗಿಯೂ ಕೆಲಸ ಮಾಡುತ್ತವೆ.

ಆಟ ಕಟ್ಟುವವರಿಂದ ಕೇಳಬೇಕಾದದ್ದು ಬಹಳವೇನಿಲ್ಲ. ಸೂಕ್ಷ್ಮತೆಯನ್ನು ಡಿಗ್ರಿಯ ಅನುಪಾತದಲ್ಲೇ ಕೊಡಲಿ, ಆಗ ಒಂದು ಆಟದಲ್ಲಿ ಹೊಂದಿಸಿದ್ದು ಇನ್ನೊಂದಕ್ಕೂ ನಡೆಯುತ್ತದೆ. ಜೈರೋ ನಿಲ್ಲಿಸುವ ಗುಂಡಿಯನ್ನು ಆಟಗಾರರೇ ಆರಿಸಿಕೊಳ್ಳಲಿ. ಅಡ್ಡ ಮತ್ತು ಲಂಬ ಸೂಕ್ಷ್ಮತೆ ಬೇರೆ ಬೇರೆ ಇರಲಿ. ಮೆನುವಿನಿಂದಲೇ ಕ್ಯಾಲಿಬ್ರೇಷನ್ ಮಾಡಲು ಬರಲಿ. ಸೆನ್ಸರ್ ಹೇಗೂ ಕಂಟ್ರೋಲರಿನಲ್ಲಿದೆ, ಅದರ ದುಡ್ಡನ್ನು ಆಟಗಾರರು ಆಗಲೇ ಕೊಟ್ಟಾಗಿದೆ.